ಜೋಲಿಯಲ್ಲಿ ಅಕ್ಕಿ

ಕಂತು ಆರು

“ನಿಲ್ಸಿ ಅದನ್ನ! ದಮ್ಮಯ್ಯ ಅಂತೀನಿ, ನಿಲ್ಸಿ!”

ಮಾಕ್ ಅಕಿಲ್ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಗೋಡೆಗೆ ಒರಗಿದಳು. ಕಿಟಕಿಯ ಕಟ್ಟೆಯ ಮೇಲಿದ್ದ ಅವಳ ಫೋನು ನಿನ್ನೆಯ ಹಾಡನ್ನು ಹಾಡುತ್ತಲೇ ಇತ್ತು. ಹೆಂಗಸರ ದನಿ, ದಫ್ಫಿನ ಬಡಿತ, ಯಾರದೋ ನಗು, ಪಾತ್ರೆಗಳ ಸದ್ದು. ಎಲ್ಲದರ ಹಿಂದೆ ಜೋಲಿ ತೂಗುಹಾಕಿದ ತುಕ್ಕು ಹಿಡಿದ ಸ್ಪ್ರಿಂಗು.

ಕೀಂಯ್… ಕೀಂಯ್… ಕೀಂಯ್…

ನಾನು ನಿಲ್ಲಿಸಲಿಲ್ಲ. ನಿನ್ನೆ ಮಧ್ಯಾಹ್ನದಿಂದ ತಾಯಿಯ ಹಾಲು ಕಾಣದ ಮಗು ಈ ದ್ವೀಪಗಳಲ್ಲಿ ಎಲ್ಲೋ ಇತ್ತು. ನನ್ನ ಕೈಯಲ್ಲಿ ಈ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

ನಿನ್ನೆ ಈ ಮನೆಯಲ್ಲಿ ಏಳು ತಿಂಗಳ ಅಕಿಲನ ಪಾದವನ್ನು ಮೊದಲ ಸಲ ನೆಲಕ್ಕೆ ಸೋಕಿಸುವ ಶಾಸ್ತ್ರ. ಊಟ ಮುಗಿದ ಮೇಲೆ ತಾಯಿ ಹೋಗಿ ಜೋಲಿಯ ಬಟ್ಟೆ ಬಿಡಿಸಿದರೆ ಒಳಗೆ ಐದು ಕಿಲೋ ಅಕ್ಕಿಯ ಚೀಲ.

“ಪಾಕ್ ರೋಸ್ನಾ, ನಿಮಗೂ ಒಬ್ಬಳು ಮಗಳಿದ್ದಾಳೆ,” ಎಂದಳು ಮಾಕ್ ಅಕಿಲ್. “ಅವಳ ಹೆಸರನ್ನೇ ಹೊತ್ಕೊಂಡು ತಿರುಗ್ತೀರಲ್ಲ. ನಿಮಗಾದ್ರೂ ಗೊತ್ತಾಗ್ಬೇಡ್ವಾ?”

ನಮ್ಮ ಹೋಮ್ ಐಲೆಂಡಿನಲ್ಲಿ ಹೀಗೆಯೇ. ಮೊದಲ ಮಗು ಹುಟ್ಟಿದ ದಿನ ಅಪ್ಪ ಅಮ್ಮಂದಿರ ಹಳೆಯ ಹೆಸರು ಸಾಯುತ್ತದೆ. ರೋಸ್ನಾ ಹುಟ್ಟಿದಳು, ನಾನು ಪಾಕ್ ರೋಸ್ನಾ, ಅಂದರೆ ರೋಸ್ನಾಳ ಅಪ್ಪ ಆದೆ. ಈ ಹುಡುಗಿ ಮಾಕ್ ಅಕಿಲ್, ಅವಳ ಗಂಡ ಪಾಕ್ ಅಕಿಲ್, ಅಡುಗೆಮನೆಯ ಹೊಸ್ತಿಲಲ್ಲಿ ಕಲ್ಲಿನಂತೆ ಕೂತಿರುವ ಅವಳ ಅತ್ತೆ ನೆಕ್ ಅಕಿಲ್. ಮೂವರೂ ಬಾಳುತ್ತಿರುವುದು ಆ ಒಂದು ಕೂಸಿನ ಹೆಸರಿನಲ್ಲಿ.

“ಗೊತ್ತಾಗೋದಕ್ಕೇ ಕೇಳ್ತಿದ್ದೀನಿ,” ಎಂದೆ. “ನಿನ್ನ ತಂಗಿಗೆ ಕಳಿಸೋಕೆ ಅಂತ ನೀನು ಹಾಡು ಹಿಡಿದಿಟ್ಟಿದ್ದು ನಮ್ಮ ಪುಣ್ಯ. ಜೋಲಿ ಯಾವಾಗ ನಿಲ್ತು ಅಂತ ತಿಳಿದ್ರೆ, ಪಾಕ್ ಲೀಸಾ ಯಾವಾಗ ಮಗು ಎತ್ತಿದ ಅಂತ ತಿಳಿಯುತ್ತೆ. ಬಾಯಿ ಮುಚ್ಕೊಂಡು ಕೂತ್ಕೋ.”

ನನ್ನ ಬಾಯಿ ಹಾಗೇ. ಅವಳು ಅತ್ತಳು. ನಾನು ಫೋನಿಗೆ ಕಿವಿ ಕೊಟ್ಟೆ.

ಶಾಸ್ತ್ರದ ಅಡುಗೆಗೆ ಮೀನು ಸೀಳಲು ಬಂದಿದ್ದ ಪಾಕ್ ಲೀಸಾ ನಿನ್ನೆ ಸಂಜೆಯಿಂದ ನನ್ನ ಪೊಲೀಸ್ ಕಚೇರಿಯ ಹಿಂದಿನ ಕೋಣೆಯಲ್ಲಿದ್ದ. ಕೂಡಿಹಾಕಿದವನು ನಾನೇ. ಮಸೀದಿಯ ಮಧ್ಯಾಹ್ನದ ಬಾಂಗ್ ಆದ ಮೇಲೆ ಹಿತ್ತಲ ಬಾಗಿಲಿಂದ ಗೋಣಿಚೀಲ ಹೊತ್ತು ಹೋದವನು ಅವನೊಬ್ಬ. ‘ಮೀನಿನ ಕರುಳು ಕಣಯ್ಯಾ, ಲಗೂನಿಗೆ ಎಸೆದು ಬಂದೆ’ ಅನ್ನುತ್ತಾನೆ. ಬಾಂಗ್ ಆಗುವಾಗ ಜೋಲಿ ತೂಗುತ್ತಿತ್ತು ಎಂದು ಮನೆ ತುಂಬ ಇದ್ದ ಹೆಂಗಸರು ಕುರಾನಿನ ಮೇಲೆ ಕೈಯಿಟ್ಟು ಹೇಳಲು ತಯಾರು. ಅಂದರೆ ಅಲ್ಲಿಯ ತನಕ ಮಗು ಜೋಲಿಯಲ್ಲಿತ್ತು. ಆಮೇಲೆ ಹೊರಗೆ ಹೋದದ್ದು ಆ ಗೋಣಿಚೀಲ. ಲೆಕ್ಕ ಸರಿಯಾಗಿತ್ತು.

ಫೋನಿನಲ್ಲಿ ಬಾಂಗ್ ಕೇಳಿಸಿತು. ಹಾಡು ನಿಂತಿತು. ಸ್ಪ್ರಿಂಗು ನಿಲ್ಲಲಿಲ್ಲ. ಬಾಂಗ್ ಮುಗಿದು ತಟ್ಟೆ ಹಂಚುವ ಗಲಾಟೆ. “ಸರೀರಮ್ಮಾ, ಕರುಳಿನ ಮೆರವಣಿಗೆ ಹೊರಟಿದೆ, ಮೂಗು ಮುಚ್ಕೊಳ್ಳಿ!” ಎಂದು ಪಾಕ್ ಲೀಸಾ ಕೂಗಿದ್ದು, ಹೆಂಗಸರು ನಕ್ಕಿದ್ದು, ಹಿತ್ತಲ ಬಾಗಿಲು ದಡಾರನೆ ಬಡಿದದ್ದು.

ಆಮೇಲೂ ಕೀಂಯ್, ಕೀಂಯ್, ಕೀಂಯ್. ನಿಲ್ಲುವ ಲಕ್ಷಣವೇ ಇಲ್ಲ.

ಅಂದರೆ ಏನೂ ತಿಳಿಯಲಿಲ್ಲ. ಅಜ್ಜಿ ಆ ಕಡೆ ಅಡುಗೆಮನೆಯಲ್ಲಿ ಕೂತು ಹಗ್ಗ ಎಳೆದು ಅಕ್ಕಿಯನ್ನೇ ತೂಗುತ್ತಿದ್ದರೆ ಸ್ಪ್ರಿಂಗು ಕೂಗುತ್ತಲೇ ಇರುತ್ತದೆ. ಸದ್ದಿಗೆ ಅಕ್ಕಿ ಯಾವುದು, ಮಗು ಯಾವುದು?

ಸೊಂಟದ ವಾಕಿಟಾಕಿ ಗೊರಗೊರ ಅಂದಿತು. “ಪಾಕ್ ರೋಸ್ನಾ, ಪಾಕ್ ಅಕಿಲ್ ಮಾತಾಡ್ತಿರೋದು. ದಕ್ಷಿಣ ದ್ವೀಪದ ಗುಡಿಸಲು ಎಲ್ಲಾ ನೋಡಿದ್ವಿ. ಏನೂ ಇಲ್ಲ. ಮತ್ತೊಂದು ಸುತ್ತು ಹೋಗ್ತೀನಿ.”

ಆ ಹುಡುಗನ ದನಿ ಒಣಗಿಹೋಗಿತ್ತು. ನಿನ್ನೆಯಿಂದ ದೋಣಿ ಬಿಟ್ಟು ಇಳಿದಿರಲಿಲ್ಲ. “ಸ್ವಲ್ಪ ಏನಾದ್ರೂ ತಿನ್ನಪ್ಪ,” ಎಂದೆ. “ಮಗ ಸಿಗಲಿ, ಆಮೇಲೆ,” ಎಂದು ಆರಿಸಿದ.

ನನಗೆ ಮೈಯೆಲ್ಲ ಉರಿದುಹೋಯಿತು. ತೊಲೆಗೆ ಸಿಕ್ಕಿಸಿದ ಸ್ಪ್ರಿಂಗಿನಿಂದ ಆ ಜೋಲಿ ನೇತಾಡುತ್ತಿತ್ತು. ಒಳಗೆ ನಿನ್ನೆಯ ಅದೇ ಅಕ್ಕಿಚೀಲ, ಬೆಳಗ್ಗೆ ನಾನೇ ಇಟ್ಟು ನೋಡಿದ್ದು. ಮುಷ್ಟಿ ಬಿಗಿದು ಅದರ ಮೇಲೆ ಒಂದು ಗುದ್ದು ಗುದ್ದಿದೆ.

“ಯಾ ಅಲ್ಲಾ!” ಎಂದು ಮಾಕ್ ಅಕಿಲ್ ಚೀರಿದಳು.

ಜೋಲಿ ನೆಲ ಮುಟ್ಟುವಷ್ಟು ಕೆಳಗೆ ಹೋಗಿ ತೊಲೆ ಬಡಿಯುವಂತೆ ಮೇಲೆ ಹಾರಿತು. ಮತ್ತೆ ಕೆಳಗೆ. ಮತ್ತೆ ಮೇಲೆ. ಕೀಂಯ್, ಕೀಂಯ್, ಕೀಂಯ್. ಫೋನು ಇನ್ನೂ ಕೂಗುತ್ತಿತ್ತು.

ನಾನು ಮತ್ತೊಂದು ಗುದ್ದಿಗೆ ಕೈ ಎತ್ತಿದವನು ಹಾಗೇ ನಿಂತುಬಿಟ್ಟೆ.

ಎರಡೂ ಸದ್ದು ಒಂದೇ ನಡಿಗೆಯಲ್ಲಿದ್ದವು. ಜೋಲಿ ಕೂಗಿದಾಗ ಫೋನು ಕೂಗುತ್ತಿತ್ತು. ನಾನು ಗುದ್ದಿದ್ದು ಗೂಳಿ ಗುದ್ದಿದ ಹಾಗೆ. ಅಜ್ಜಿ ನಿನ್ನೆ ಎಳೆದದ್ದು ಕಾಲ್ಬೆರಳಲ್ಲಿ. ಆದರೂ ನಡಿಗೆ ಒಂದೇ. ಜೋಲಿಯ ಹಾರಾಟ ಕಡಿಮೆಯಾಗುತ್ತ ಬಂತು. ಒಂದು ಗೇಣಾಯಿತು, ನಾಲ್ಕು ಬೆರಳಾಯಿತು. ಸದ್ದು ಸಣ್ಣದಾಯಿತೇ ಹೊರತು ನಿಧಾನವಾಗಲಿಲ್ಲ.

“ಮಾಕ್ ಅಕಿಲ್, ಫೋನನ್ನ ಮೊದಲಿಂದ ಹಚ್ಚು.”

“ಮತ್ತೇನಾ?”

“ಹಚ್ಚು ಅಂದ್ನಲ್ಲ!”

ಮೊದಲಿಂದ ಹಚ್ಚಿದಳು. ಅಕ್ಕಿಯ ಜೋಲಿಯನ್ನು ನಾನು ಮತ್ತೆ ಎಳೆದು ಬಿಟ್ಟೆ. ಈ ಸಲ ಎರಡೂ ಕೂಡಲಿಲ್ಲ. ಕೋಣೆಯ ಸದ್ದು ಮುಂದೆ ಮುಂದೆ ಓಡುತ್ತಿತ್ತು. ಫೋನಿನ ಸದ್ದು ಹೊಟ್ಟೆ ತುಂಬಿದವರ ಹಾಗೆ ನಿಧಾನಕ್ಕೆ ಹಿಂದೆ ಬರುತ್ತಿತ್ತು.

ಕೀಂ…ಯ್. ಕೀಂ…ಯ್. ಕೀಂ…ಯ್.

“ಅತ್ತೆ ಆಗ ಮೆಲ್ಲಗೆ ಎಳೆದಿರ್ತಾರೆ, ಆಮೇಲೆ ಬೇಗ ಬೇಗ ಎಳೆದಿರ್ತಾರೆ,” ಎಂದಳು ಮಾಕ್ ಅಕಿಲ್. ಕಣ್ಣು ಒರೆಸಿಕೊಂಡಿದ್ದಳು. ಅವಳಿಗೂ ಏನೋ ಹೊಳೆಯತೊಡಗಿತ್ತು.

“ಹಂಗಾದ್ರೆ ನೀನೇ ಎಳಿ ನೋಡೋಣ. ಬೇಗ ಬೇಗ.”

ಅವಳು ಹಗ್ಗ ಹಿಡಿದು ಗಡಿಬಿಡಿಯಲ್ಲಿ ಜಗ್ಗಿದಳು. ಜೋಲಿ ಮಾತು ಕೇಳಲಿಲ್ಲ. ಹಗ್ಗ ಒಮ್ಮೆ ಸಡಿಲ, ಒಮ್ಮೆ ಬಿಗಿ. ಜೋಲಿ ನಡುವೆ ತತ್ತರಿಸಿ ಅಲ್ಲೇ ಕುಣಿಯಿತು. ಕೈ ಬಿಟ್ಟಳು. ಅದು ತಕ್ಷಣ ತನ್ನ ನಡಿಗೆಗೆ ಮರಳಿತು. ಕೀಂಯ್, ಕೀಂಯ್, ಕೀಂಯ್.

“ಜೋರಾಗಿ ಎಳೆದ್ರೆ ದೂರ ಹೋಗುತ್ತೆ, ಬೇಗ ಹೋಗಲ್ಲ,” ಎಂದೆ. “ಇದರ ನಡಿಗೆ ಎಳೆಯೋರ ಕೈಲಿಲ್ಲ. ಒಳಗೆ ಮಲಗಿರೋರ ಭಾರದಲ್ಲಿದೆ. ಹಗುರ ಇದ್ರೆ ಚುರುಕು. ಭಾರ ಇದ್ರೆ ನಿಧಾನ.”

ಆಗ ಹೊಸ್ತಿಲಿಂದ ದನಿ ಬಂತು. ನಿನ್ನೆ ಸಂಜೆಯಿಂದ ನೆಕ್ ಅಕಿಲ್ ಆಡಿದ ಮೊದಲ ಮಾತು.

“ಹಾಡು ಕಾಲಿಗೆ ಸಿಗಲೇ ಇಲ್ಲ.”

ತಿರುಗಿ ನೋಡಿದೆ. ಬಾಗಿಲ ಕೆಳಗಿನಿಂದ ಹಾದು ಬಂದ ಜೋಲಿಯ ಹಗ್ಗದ ತುದಿ ಇನ್ನೂ ಆಕೆಯ ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡಿತ್ತು. ಬಿಚ್ಚಲು ಬಂದವರನ್ನೆಲ್ಲ ಒದ್ದು ಅಟ್ಟಿದ್ದಳಂತೆ.

“ಏನಂದ್ರಿ ನೆಕ್?”

“ಅವನನ್ನ ತೂಗೋವಾಗ ಒಂದು ಹಾಡು ಹೇಳ್ತೀನಿ. ಕಾಲು ಎಳೆಯುತ್ತೆ, ಬಾಯಿ ಹಾಡುತ್ತೆ, ಎರಡೂ ಕೂಡಿ ಹೋಗುತ್ತೆ. ನಿನ್ನೆ ನಡುವೆ ಒಂದ್ಸಲ ಹಗ್ಗ ಸತ್ತಂಗಾಯ್ತು. ಮಗು ಹೊರಳ್ತು ಅಂದ್ಕೊಂಡೆ. ಕೊಬ್ಬರಿ ತುರೀತಿದ್ದೆ, ಏಳಲಿಲ್ಲ. ಮತ್ತೆ ಎಳೆದೆ. ಆಮೇಲೆ ಹಾಡು ಸಿಗಲಿಲ್ಲ. ಕಾಲಿಗೆ ವಯಸ್ಸಾಯ್ತು ಅಂದ್ಕೊಂಡು ಹಾಡು ಬಿಟ್ಟೆ.” ಆಕೆ ತನ್ನ ಕಾಲನ್ನು ಬೇರೆಯವರದ್ದೆಂಬಂತೆ ನೋಡಿದಳು. “ಅಕ್ಕಿ ತೂಗಿದೆನಲ್ಲೋ. ಅಕ್ಕಿಗೆ ನಿದ್ದೆ ಬರ್ಲಿ ಅಂತ ತೂಗಿದೆ.”

ಸಮಾಧಾನದ ಮಾತು ನನಗೆ ಬರುವುದಿಲ್ಲ. ಅಂಗಳಕ್ಕೆ ಹೋಗಿ ಸುಲಿದ ತೆಂಗಿನಕಾಯಿಗಳನ್ನು ಉಡಿ ತುಂಬ ತಂದೆ.

ಅಕ್ಕಿಚೀಲದ ಪಕ್ಕದಲ್ಲಿ ಒಂದು ಕಾಯಿ ಇಟ್ಟು ಜೋಲಿ ಎಳೆದು ಬಿಟ್ಟೆ. ಫೋನಿನ ಮೊದಲ ಭಾಗ ಹಚ್ಚಿದೆವು. ಕೂಡಲಿಲ್ಲ. ಇನ್ನೊಂದು ಇಟ್ಟೆ. ಹತ್ತಿರ ಬಂತು. ಇನ್ನೂ ಒಂದು. ದೊಡ್ಡದು ತೆಗೆದು ಸಣ್ಣದು ಹಾಕಿದೆ. ಮಾಕ್ ಅಕಿಲ್ ಫೋನನ್ನು ಜೋಲಿಯ ಹತ್ತಿರ ಹಿಡಿದಿದ್ದಳು.

ಕೀಂ…ಯ್. ಕೀಂ…ಯ್. ಕೀಂ…ಯ್.

ಎರಡು ಸದ್ದು ಒಂದಾದವು. ಎಷ್ಟು ಹೊತ್ತು ಕೇಳಿದರೂ ಬೇರೆಯಾಗಲಿಲ್ಲ.

ನೆಕ್ ಅಕಿಲ್ ಎದ್ದಳು. ಹಗ್ಗವನ್ನು ಬೆರಳಿಂದ ತಾನೇ ಬಿಚ್ಚಿದಳು. ನೆಟ್ಟಗೆ ಬಂದು ಜೋಲಿಯ ಬಟ್ಟೆ ಸಮೇತ ಆ ಗಂಟನ್ನು ಕೊಕ್ಕೆಯಿಂದ ಕಳಚಿ ಎರಡೂ ತೋಳಿನಲ್ಲಿ ಎತ್ತಿಕೊಂಡಳು. ಒಂದು ಸಲ ತೂಗಿ ನೋಡಿದಳು.

“ಇಷ್ಟೇ,” ಎಂದಳು. “ಇಷ್ಟೇ ಇದ್ದ ನನ್ನ ಅಕಿಲ್.”

ಮಾಕ್ ಅಕಿಲ್ ಮುಖ ತಿರುಗಿಸಿದಳು. ಅವಳ ರವಿಕೆಯ ಎದೆ ಹಾಲಿನಿಂದ ಒದ್ದೆಯಾಗಿತ್ತು.

ನಾನು ಫೋನು ಕಿತ್ತುಕೊಂಡು ಹಾಡನ್ನು ಹಿಂದೆ ಮುಂದೆ ಓಡಿಸಿದೆ. ನಿಧಾನದ ಸದ್ದು ಎಲ್ಲಿ ಮುಗಿಯುತ್ತದೆ? ಪ್ರವಾದಿಯ ಹೊಗಳಿಕೆಯ ಹಾಡು ಮುಗಿದು, ಮದುವೆಯ ಹಾಡು ಇನ್ನೇನು ಏಳಬೇಕು. ನಡುವೆ ಸ್ಪ್ರಿಂಗು ಒಂದು ಗಳಿಗೆ ತೊದಲಿ ನಿಂತಿತು; ಬಾಂಗಿನ ಆಚೆಗೆ ಮಾತ್ರ ಕಿವಿಯಿಟ್ಟಿದ್ದ ನಾನು ಮೊದಲು ಅದನ್ನು ಗಮನಿಸಿರಲಿಲ್ಲ. ಮದುವೆಯ ಹಾಡಿನ ಮೊದಲ ಸಾಲಿಗೇ ಚುರುಕಿನ ಕೀಂಯ್ ಕೀಂಯ್ ಶುರು. ಅದಾಗಿ ಆ ಹಾಡು ಪೂರ್ತಿ ಮುಗಿದ ಮೇಲೆ ಬಾಂಗ್.

ಬಾಂಗಿಗೆ ಮೊದಲೇ! ಪಾಕ್ ಲೀಸಾ ಕರುಳಿನ ಚೀಲ ಎತ್ತುವ ಹೊತ್ತಿಗೆ ಜೋಲಿಯಲ್ಲಿ ಅಕ್ಕಿ ಮಲಗಿ ಎಷ್ಟೋ ಹೊತ್ತಾಗಿತ್ತು.

“ಆಗ ಕೋಣೆಗೆ ಯಾರು ಹೋದರು ನೆಕ್?”

“ಯಾರೂ ಇಲ್ಲ. ಹೆಂಗಸರೆಲ್ಲ ಹಾಡ್ತಿದ್ರು, ಇಲ್ಲಾ ಒಲೆ ಮುಂದಿದ್ರು. ನನ್ನ ಮಗ ಐಸ್ ಪೆಟ್ಟಿಗೆ ತರೋಕೆ ಒಂದ್ಸಲ ಒಳಗೆ ಹೋಗಿ ಬಂದ. ಅಷ್ಟೇ.”

“ಅವನನ್ನ ಬಿಡಿ, ಅವನು ಅಪ್ಪ. ಬೇರೆ?”

“ಬೇರೆ ಯಾರೂ ಇಲ್ಲ.”

“ಬಾಂಗಿಗೆ ಮೊದಲು ಮನೆ ಬಿಟ್ಟು ಹೋದೋರು?”

ಅಜ್ಜಿ ಆ ಗಂಟನ್ನು ಮತ್ತೆ ಕೊಕ್ಕೆಗೆ ಹಾಕಲು ತಿರುಗಿದಳು. ಸೊಸೆ ಮಾತಾಡಿದಳು. ಮೆಲ್ಲಗೆ.

“ಅತ್ತಿಗೆ. ನಮ್ಮೋರ ಅಕ್ಕ, ಜಲೇಹಾ ಅತ್ತಿಗೆ. ತಲೆನೋವು ಅಂತ ಊಟಕ್ಕೂ ನಿಲ್ಲಲಿಲ್ಲ.”

ನಮ್ಮಲ್ಲಿ ಶಾಸ್ತ್ರದ ಮನೆಯಿಂದ ಊಟ ಮಾಡದೆ ಹೋಗುವುದೆಂದರೆ ಮುಖಕ್ಕೆ ಉಗುಳಿದ ಹಾಗೆ. ಅದೂ ಹುಟ್ಟಿದ ಮನೆಯಿಂದ. ಜಲೇಹಾ ನಿನ್ನೆ ಸಂಜೆ ನನ್ನೆದುರು ಎದೆ ತಟ್ಟಿಕೊಂಡು ಹೇಳಿದ್ದಳು: ‘ಬಾಂಗ್ ಆಗೋವಾಗ ನಾನು ನನ್ನ ಮನೇಲಿದ್ದೆ. ಮಗು ಇಲ್ಲಿ ಜೋಲಿಯಲ್ಲಿತ್ತು. ಬೇಕಾದ್ರೆ ಇಷ್ಟೂ ಜನರನ್ನ ಕೇಳು.’ ಕೇಳಿದ್ದೆ. ಬಿಟ್ಟಿದ್ದೆ.

“ನಾನೂ ಬರ್ತೀನಿ,” ಎಂದಳು ಮಾಕ್ ಅಕಿಲ್.

“ಬೇಡ.”

“ನೀವು ಕರ್ಕೊಂಡು ಹೋಗದಿದ್ರೆ ಓಡ್ಕೊಂಡು ಬರ್ತೀನಿ.”

“ಬಗ್ಗಿಯಲ್ಲೇ ಕೂತಿರ್ಬೇಕು. ಬಾಯಿ ತೆಗೀಬಾರದು. ಏನೇ ಆದ್ರೂ.”

ತಲೆಯಾಡಿಸಿದಳು.

* * *

ನನ್ನ ಬ್ಯಾಟರಿ ಬಗ್ಗಿ ನಮ್ಮ ಹಳ್ಳಿಯ, ಕಾಂಪಂಗಿನ, ನೆಟ್ಟನೆಯ ಬೀದಿಯಲ್ಲಿ ಓಡುವಾಗ ಅಂಗಳ ಗುಡಿಸುತ್ತಿದ್ದ ಹೆಂಗಸರು ಪೊರಕೆ ನಿಲ್ಲಿಸಿ ನೋಡಿದರು. ಗಂಡಸರು ಕಾಣಿಸಲಿಲ್ಲ. ಎಲ್ಲರೂ ಪಾಕ್ ಅಕಿಲನಂತೆ ಒಂದೊಂದು ದೋಣಿ ಹಿಡಿದು ಲಗೂನಿನಲ್ಲಿದ್ದರು. ಪಶ್ಚಿಮ ದ್ವೀಪದ ದೋಣಿಕಟ್ಟೆಯಲ್ಲಿ ಸಾರ್ಜೆಂಟು ಪ್ರತಿ ಚೀಲ, ಪ್ರತಿ ಪೆಟ್ಟಿಗೆ ಬಿಚ್ಚಿಸಿ ನೋಡುತ್ತಿದ್ದ. ಸಂಜೆ ಅಲ್ಲಿಂದ ಪರ್ತ್ ನಗರಕ್ಕೆ ವಿಮಾನ. ಅದು ಹಾರಿದರೆ ಮುಗಿಯಿತು. ಆ ಮಹಾನಗರದಲ್ಲಿ ಒಂದು ಕೂಸನ್ನು ಯಾರು ಹುಡುಕುತ್ತಾರೆ?

ಜಲೇಹಾಳ ಮನೆ ಬೀದಿಯ ತುದಿಗೆ, ಹಿತ್ತಲು ನೀರಿಗೆ. ಬಗ್ಗಿಯನ್ನು ಬೇಲಿಯ ಹೊರಗೆ, ಅವಳಿಗೆ ಕಾಣದಂತೆ ನಿಲ್ಲಿಸಿ ಒಳಗೆ ನಡೆದೆ.

ಅವಳು ಜಗುಲಿಯಲ್ಲಿ ಕೂತು ಗೊಂಗ್-ಗೊಂಗ್ ಚಿಪ್ಪು ಒಡೆದು ಮಾಂಸ ತೆಗೆಯುತ್ತಿದ್ದಳು. ಸುತ್ತಿಗೆ ಕೆಳಗಿಡಲಿಲ್ಲ.

“ಸಲಾಂ, ಪಾಕ್ ರೋಸ್ನಾ. ದಾರಿ ತಪ್ಪಿ ಬಂದ್ಯಾ? ಅಥವಾ ಕೂಡಿಹಾಕೋಕೆ ಗಂಡಸರು ಮುಗಿದ್ರಾ?”

“ತಲೆನೋವು ಹೋಯ್ತಾ ಜಲೇಹಾ?”

“ನಿನ್ನ ಮುಖ ನೋಡೋ ತನಕ ಹೋಗಿತ್ತು.”

ಒಂದೇ ಬೆಂಚಿನಲ್ಲಿ ಕೂತು ಓದಿದವರು ನಾವು. ಆಗಲೂ ಇವಳ ನಾಲಿಗೆ ಹೀಗೇ. ನಾನು ಮೆಟ್ಟಿಲ ಮೇಲೆ ಕೂತೆ. ಒಂದು ಚಿಪ್ಪು ಒಡೆದಳು, ಇನ್ನೊಂದನ್ನು ಕೈಗೆತ್ತಿಕೊಂಡಳು. ಆ ನಡುವಿನ ಮೌನದಲ್ಲಿ, ಮನೆಯ ಒಳಗಿನಿಂದ, ತೀರ ಮೆಲ್ಲಗೆ—

ಕೀಂ…ಯ್.

ಅವಳು ಟಪ್ಪನೆ ಸುತ್ತಿಗೆ ಹಾಕಿದಳು.

ಎದ್ದು ನುಗ್ಗಬೇಕಿತ್ತು. ಆದರೆ ಒಳಗೆ ಎಷ್ಟು ಜನರಿದ್ದಾರೆ, ಕೈಯಲ್ಲಿ ಏನಿದೆ, ಮಗು ಯಾರ ತೋಳಿನಲ್ಲಿದೆ, ಗೊತ್ತಿಲ್ಲ. ಬಾಗಿಲಿಗೆ ಚಿಲಕ ಹಾಕಿತ್ತು. ಮಾತು ಎಳೆದೆ.

“ಊಟಕ್ಕೆ ಯಾಕೆ ನಿಲ್ಲಲಿಲ್ಲ?”

“ಹೇಳಿದ್ನಲ್ಲ.”

“ನಿನ್ನ ತಮ್ಮನ ಮಗನ ಶಾಸ್ತ್ರ. ತಲೆ ಒಡೆದುಹೋದ್ರೂ ನಿಲ್ತಾರೆ.”

“ಒಬ್ಬೊಬ್ಬಳೂ ಬಂದು ‘ಜಲೇಹಾ, ನೀರು ತಾ, ಜಲೇಹಾ, ತಟ್ಟೆ ತೊಳಿ’ ಅಂತಾರೆ.” ಟಪ್. “ನನಗಿಂತ ಹದಿನೈದು ವರ್ಷ ಚಿಕ್ಕವಳು, ನಿನ್ನೆ ಮೊನ್ನೆ ಹೆತ್ತವಳು, ಅವಳು ಮಾಕ್ ಅಂತೆ. ನಾನು ಜಲೇಹಾ.” ಟಪ್. “ಈ ಕಾಂಪಂಗಲ್ಲಿ ನನ್ನ ವಯಸ್ಸಿನವರಲ್ಲಿ ಹುಟ್ಟಿದ ಹೆಸರನ್ನೇ ಹೊತ್ಕೊಂಡು ತಿರುಗೋಳು ಇನ್ನೊಬ್ಬಳು ಇದ್ರೆ ತೋರ್ಸು. ಬೇಡ, ಅದೆಲ್ಲ ನಿನಗೆ ಅರ್ಥ ಆಗಲ್ಲ. ನೀನು ಪಾಕ್ ರೋಸ್ನಾ.”

ಕೀಂ…ಯ್. ಕೀಂ…ಯ್.

ಈ ಸಲ ಅವಳ ಸುತ್ತಿಗೆ ತಡವಾಯಿತು.

“ಅದೇನು ಸದ್ದು?”

“ಯಾವ್ದು?”

“ಒಳಗೆ.”

“ಹಿಟ್ಟಿನ ಚೀಲ. ಕೆಳಗಿಟ್ರೆ ಇರುವೆ, ಏಡಿ. ಅದಕ್ಕೆ ಹಳೇ ಸ್ಪ್ರಿಂಗಿಗೆ ನೇತು ಹಾಕಿದ್ದೀನಿ.”

“ಹಿಟ್ಟಿಗೆ ಅಷ್ಟು ಚೆನ್ನಾಗಿ ಯಾರು ತೂಗ್ತಿದ್ದಾರೆ?”

“ಗಾಳಿ. ಈ ದ್ವೀಪದಲ್ಲಿ ಗಾಳಿ ಇದೆ ಅಂತ ನಿನ್ನ ಇಲಾಖೆಯವರು ಹೇಳ್ಕೊಟ್ಟಿಲ್ವಾ?”

“ಗಾಳಿ ಬಂದ್ರೆ ಜೋಲಿ ಪಕ್ಕಕ್ಕೆ ತೂಗುತ್ತೆ ಜಲೇಹಾ. ಸ್ಪ್ರಿಂಗು ಕೂಗಬೇಕಾದ್ರೆ ಮೇಲೆ ಕೆಳಗೆ ಹೋಗಬೇಕು. ಅದನ್ನ ಯಾರಾದ್ರೂ ಎಳೀಬೇಕು.”

ಅವಳ ಕೈಯಲ್ಲಿ ಚಿಪ್ಪು ನಿಂತಿತು. ಮೊದಲ ಸಲ ಅವಳ ಕಣ್ಣಲ್ಲಿ ಭಯ ಕಂಡಿತು. ಆಗಲೂ ಬಾಯಿ ಸೋಲಲಿಲ್ಲ.

“ಬಾಂಗ್ ಆಗೋ ತನಕ ಮಗು ಅಲ್ಲಿತ್ತು. ಊರೇ ಕೇಳಿದೆ.”

“ಊರು ಅಕ್ಕಿ ಕೇಳಿದೆ. ಮದುವೆ ಹಾಡು ಶುರುವಾಗೋಕೆ ಮೊದಲು ಜೋಲಿ ಭಾರ ಇತ್ತು. ಆಮೇಲೆ ಹಗುರ ಆಯ್ತು. ನಾನು ಕಾಯಿ ಇಟ್ಟು ತೂಗಿ ನೋಡಿ ಬಂದಿದ್ದೀನಿ. ನಿಮ್ಮ ಅಮ್ಮನ ತೋಳು ಸಾಕ್ಷಿ ಹೇಳಿದೆ.” ನಾನು ಎದ್ದು ನಿಂತೆ. “ಮತ್ತೆ ಈಗ ಒಳಗೆ ಕೂಗ್ತಾ ಇರೋದು ಐದು ಕಿಲೋ ಚೀಲ ಅಲ್ಲ. ಭಾರ ಇದೆ. ಏಳು ತಿಂಗಳ ಮಗುವಿನಷ್ಟು ಭಾರ. ಬಾಗಿಲು ತೆಗಿ.”

“ತೆಗೆಯಲ್ಲ.”

“ಜಲೇಹಾ, ಅದು ತಾಯಿ ಹಾಲು ಬಿಟ್ಟು ಬೇರೇನೂ ಕುಡಿದಿಲ್ಲ. ನಿನ್ನೆಯಿಂದ ಏನು ಕೊಟ್ಟಿದ್ದೀಯ? ಅತ್ತು ಅತ್ತು ಸುಸ್ತಾಗಿ ಮಲಗಿದ್ಯಾ? ಉಸಿರಾಡ್ತಾ ಇದೆಯಾ?”

ಅವಳು ಚಿಪ್ಪು ಕೆಳಗಿಟ್ಟಳು. ಏನೋ ಹೇಳಲು ಬಾಯಿ ತೆರೆದಳು.

ಅಷ್ಟರಲ್ಲಿ ಮನೆಯ ಒಳಗಿನಿಂದ ಒಂದು ಗಂಡಸಿನ ದನಿ, ತಗ್ಗಿದ ದನಿ, ಅವಸರದ ದನಿ ಕರೆಯಿತು.

“ಮಾಕ್ ಅಕಿಲ್! ಬಾಟ್ಲಿ ಎಲ್ಲಿಟ್ಟೆ?”

“ಓ!”

“ಓ!”

ಎರಡು ಓ. ಒಂದೇ ಗಳಿಗೆಯಲ್ಲಿ. ಒಂದು ನನ್ನೆದುರು ಕೂತ ಜಲೇಹಾಳ ಬಾಯಿಂದ. ಇನ್ನೊಂದು ಬೇಲಿಯಾಚೆ, ಬಾಯಿ ತೆಗೆಯುವುದಿಲ್ಲ ಎಂದು ನನಗೆ ಮಾತು ಕೊಟ್ಟು ಬಗ್ಗಿಯಲ್ಲಿ ಕೂತಿದ್ದ ಹೆತ್ತ ತಾಯಿಯ ಬಾಯಿಂದ. ಹೆಸರು ಕರೆದರೆ ಓಗೊಡುವುದನ್ನು ತಡೆಯಲು ಯಾವ ಮಾತಿಗೂ ಆಗುವುದಿಲ್ಲ.

ಜಲೇಹಾ ತನ್ನ ಬಾಯಿಗೆ ಕೈ ಒತ್ತಿಕೊಂಡಳು. ಅವಳ ಕೈಯೆಲ್ಲ ಚಿಪ್ಪಿನ ಚೂರು. ಒಂದು ರಾತ್ರಿಗೇ ಆ ಹೆಸರು ಅವಳ ಕಿವಿಗೆ ಅಷ್ಟು ಒಗ್ಗಿಹೋಗಿತ್ತು.

ಒಳಗೆ ಎಲ್ಲ ಸ್ತಬ್ಧ. ಕರೆದವನೂ ಎರಡು ಓ ಕೇಳಿದ್ದ.

ಕೀಂ…ಯ್. ಕೀಂ…ಯ್.

ಆಮೇಲೆ, ನಾನು ಕಿವಿಯಾರೆ ಕೇಳುತ್ತಿರುವಂತೆ, ಸ್ಪ್ರಿಂಗು ಕಿರಿಚಿ ಚುರುಕಾಯಿತು.

ಕಿಂ ಕಿಂ ಕಿಂ ಕಿಂ ಕಿಂ.

ಭಾರ ಎದ್ದುಹೋಯಿತು.

ಬಾಗಿಲಿಗೆ ಭುಜ ಕೊಟ್ಟೆ. ಒಂದನೆಯದಕ್ಕೆ ಬೀಳಲಿಲ್ಲ. ಜಲೇಹಾ ನನ್ನ ಅಂಗಿ ಹಿಡಿದು ಜಗ್ಗಿದಳು. “ಬಿಡೋ! ದಮ್ಮಯ್ಯ ಬಿಡೋ! ಅವನೇ ಕೊಟ್ಟಿದ್ದು, ನಾನು ಕದ್ದಿಲ್ಲ, ಅವನೇ ತಂದು ಕೊಟ್ಟ!” ಎರಡನೆಯದಕ್ಕೆ ಚಿಲಕ ಕಿತ್ತು ಬಂತು.

ಕೋಣೆಯ ನಡುವೆ ಬರಿ ಬಟ್ಟೆಯ ಜೋಲಿ ಹುಚ್ಚು ಹಿಡಿದಂತೆ ಕುಣಿಯುತ್ತಿತ್ತು. ಕೈಯಿಟ್ಟೆ. ಬಟ್ಟೆ ಬೆಚ್ಚಗಿತ್ತು. ನೆಲದ ಮೇಲೆ ಹಾಲಿನ ಪುಡಿ ಚೆಲ್ಲಿತ್ತು. ಹಿತ್ತಲ ಬಾಗಿಲು ಹಾರು ಹೊಡೆದಿತ್ತು. ಅದರಾಚೆ ಬಿಳಿ ಮರಳು, ಮರಳಿನ ಮೇಲೆ ಒದ್ದೆ ಹೆಜ್ಜೆ, ಇಳಿಯುತ್ತಿರುವ ನೀರು. ದೋಣಿಯ ಮೋಟಾರು ಗುರ್ ಎಂದು ಹತ್ತಿಕೊಂಡಿತು.

ನಾನು ನೀರಿನಂಚಿಗೆ ಓಡುವ ಹೊತ್ತಿಗೆ ದೋಣಿ ತೆಂಗಿನ ಸಾಲಿನ ಮೂಲೆ ತಿರುಗಿ ಮರೆಯಾಗಿತ್ತು. ಅದರ ಹಿಂಬದಿಯ ಕಿತ್ತಳೆ ಬಣ್ಣದ ಬಾವುಟ ಮಾತ್ರ ಒಂದು ಕ್ಷಣ ಕಂಡಿತು. ಹುಡುಕುವ ದೋಣಿಗಳಿಗೆ ಗುರುತಿಗಿರಲಿ ಎಂದು ಇವತ್ತು ಬೆಳಗ್ಗೆ ನಾನೇ ಕೈಯಾರೆ ಹಂಚಿದ ಬಾವುಟ. ಆ ಬಾವುಟ ಕಂಡರೆ ಸಾರ್ಜೆಂಟು ದೋಣಿ ನಿಲ್ಲಿಸುವುದಿಲ್ಲ. ಮಗುವನ್ನು ಹುಡುಕುವವನ ದೋಣಿಯಲ್ಲಿ ಮಗುವನ್ನು ಯಾರು ಹುಡುಕುತ್ತಾರೆ?

ಹಿಂದೆ ಮರಳಿನಲ್ಲಿ ಓಡಿಬಂದ ಸದ್ದು. ಮಾಕ್ ಅಕಿಲ್.

“ಪಾಕ್ ರೋಸ್ನಾ,” ಎಂದಳು. “ಆ ದನಿ.”

“ಯಾರದ್ದು?”

“ನನಗೆ ಗೊತ್ತಿಲ್ವಾ ಆ ದನಿ? ದಿನಾ ನನ್ನನ್ನ ಆ ಹೆಸರಿಂದ ಕರೆಯೋ ದನಿ.” ಅವಳು ನನ್ನ ತೋಳು ಹಿಡಿದುಕೊಂಡಳು. “ನನ್ನ ಗಂಡ.”

ಐಸ್ ಪೆಟ್ಟಿಗೆ ತರಲು ಒಂದು ಸಲ ಒಳಗೆ ಹೋಗಿ ಬಂದವನು. ಅವನನ್ನ ಬಿಡಿ, ಅವನು ಅಪ್ಪ ಎಂದವನು ನಾನು.

ಸೊಂಟದಲ್ಲಿ ವಾಕಿಟಾಕಿ ಗೊರಗುಟ್ಟಿತು.

“ಪಾಕ್ ರೋಸ್ನಾ, ಪಾಕ್ ಅಕಿಲ್ ಮಾತಾಡ್ತಿರೋದು.” ಅದೇ ಒಣಗಿದ ದನಿ. ಹಿಂದೆ ಮೋಟಾರಿನ ಅಬ್ಬರ. “ದಕ್ಷಿಣ ದ್ವೀಪದಲ್ಲಿ ಏನೂ ಸಿಗಲಿಲ್ಲ. ಈಗ ಪಶ್ಚಿಮ ದ್ವೀಪದ ಕಡೆ ಹೋಗ್ತಿದ್ದೀನಿ. ಸಾರ್ಜೆಂಟಿಗೆ ಹೇಳ್ಬಿಡಿ, ದೋಣಿಕಟ್ಟೇಲಿ ನನ್ನನ್ನ ತಡೀಬಾರ್ದು ಅಂತ.”

ಆ ಮಾತು ಮುಗಿದು ಗುಂಡಿ ಬಿಡುವ ಮೊದಲು, ಮೋಟಾರಿನ ಸದ್ದಿನ ಅಡಿಯಿಂದ, ಗಂಟಲು ಬಿರಿದ ಒಂದು ಕೂಸಿನ ಅಳು ಕೇಳಿಸಿತು. ಕೇಳಿಸಿ ಕಡಿದುಹೋಯಿತು.

ನಾನು ವಾಕಿಟಾಕಿ ಹಿಡಿದು ನಿಂತೆ. ತನ್ನ ಗುರುತು ನಮಗೆ ಹತ್ತಿಲ್ಲ ಎಂದೇ ಅವನು ನಂಬಿದ್ದ. ‘ಸರಿ, ಹೋಗು’ ಎಂದರೆ ಅವನು ನೆಟ್ಟಗೆ ದೋಣಿಕಟ್ಟೆಗೆ ಹೋಗುತ್ತಾನೆ, ಅಲ್ಲಿ ಹಿಡಿಯಬಹುದು. ನಮಗೆ ತಿಳಿಯಿತು ಎಂದು ಅವನಿಗೆ ಒಂದು ಉಸಿರು ತಾಗಿದರೂ ದೋಣಿ ತಿರುಗಿಸುತ್ತಾನೆ. ತಿರುಗಿಸಿದರೆ ಇರುವುದು ಹವಳದ ದಿಬ್ಬದ ಕಂಡಿ, ಇಳಿತದ ನೀರು ಅಲ್ಲಿ ಕುದಿಯುತ್ತಿರುತ್ತದೆ. ಅದರಾಚೆ ಬರಿ ಸಮುದ್ರ.

“ಅವನಿಗೆ ಏನೂ ಗೊತ್ತಾಗಬಾರದು,” ಎಂದು ಪಿಸುಗುಟ್ಟಿದೆ. “ನಾನು ಮಾತಾಡ್ತೀನಿ. ನೀನು—”

ಮಾಕ್ ಅಕಿಲ್ ಕೇಳಿಸಿಕೊಳ್ಳಲಿಲ್ಲ. ಅವಳಿಗೆ ಕೇಳಿಸಿದ್ದು ಆ ಅಳು ಒಂದೇ. ಎದೆಯ ಒದ್ದೆ ರವಿಕೆಯನ್ನು ಒಂದು ಕೈಯಲ್ಲಿ ಒತ್ತಿಹಿಡಿದು, ಇನ್ನೊಂದರಿಂದ ವಾಕಿಟಾಕಿಯನ್ನು ನನ್ನ ಮುಷ್ಟಿಯಿಂದ ಕಿತ್ತುಕೊಂಡು ಗುಂಡಿ ಒತ್ತಿಬಿಟ್ಟಳು.